ಒಡೆದ ಒತ್ತಕ್ಷರ, ತಪ್ಪಿದ ತುಟಿಚಲನೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಡೋಬಿ ಪ್ರೀಮಿಯರ್ ಪ್ರೊ ಎಂಬ ವೀಡಿಯೊ ಎಡಿಟಿಂಗ್ ತಂತ್ರಾಂಶ ಬಳಸುವವರದು. ಹಾಗಾಗಿ ಮೆನುಗಳ ಹೆಸರು ಅದರಲ್ಲಿ ಇರುವಂತೆಯೇ ಕೊಟ್ಟಿದ್ದೇವೆ.

ಪ್ರಶ್ನೆ: ಮದುವೆ ವೀಡಿಯೊಗೆ ಟೈಟಲ್ ಹಾಕುವಾಗ ‘ಲಕ್ಷ್ಮೀ’ ಎಂದು ಟೈಪ್ ಮಾಡಿದರೆ ‘ಲಕ್‌ಷ್‌ಮೀ’ ಎಂದು ಬರುತ್ತದೆ. ಫಾಂಟ್ ಬದಲಿಸಿದೆ, ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದೆ. ಪ್ರಯೋಜನವಾಗಲಿಲ್ಲ. — ಓದುಗರು, ಹಾಸನ

ಉತ್ತರ: ತಪ್ಪು ಫಾಂಟಿನದ್ದಲ್ಲ. ಯೂನಿಕೋಡ್‌ನಲ್ಲಿ ‘ಕ್ಷ್ಮೀ’ ಒಂದೇ ಅಕ್ಷರವಾಗಿ ಇರುವುದಿಲ್ಲ. ಕ, ವಿರಾಮ (ಅರ್ಧಾಕ್ಷರದ ಗುರುತು), ಷ, ವಿರಾಮ, ಮ, ದೀರ್ಘ ಎಂದು ಬಿಡಿಬಿಡಿಯಾಗಿ ಇರುತ್ತದೆ. ಅವನ್ನು ಕೂಡಿಸಿ ಒತ್ತಕ್ಷರ ಮಾಡುವುದು ಸಾಫ್ಟ್‌ವೇರಿನ ಒಳಗಿನ ಟೆಕ್ಸ್ಟ್ ಎಂಜಿನ್. ಅದು ಲ್ಯಾಟಿನ್‌ಗೆ ಹೊಂದಿಕೊಂಡಿದ್ದರೆ ಯಾವ ಫಾಂಟ್ ಹಾಕಿದರೂ ಅಕ್ಷರ ಒಡೆದೇ ಬರುತ್ತದೆ.

ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ತೆರೆದು, ಟೆಕ್ಸ್ಟ್ ಎಂಜಿನ್ ಎಂಬಲ್ಲಿ ‘ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್’ ಆರಿಸಿ. ಪ್ರೀಮಿಯರ್ ಮುಚ್ಚಿ ತೆರೆಯಿರಿ. ಮೊದಲೇ ಮಾಡಿಟ್ಟ ಟೈಟಲ್ ಇನ್ನೂ ಒಡೆದಂತೆಯೇ ಇದ್ದರೆ ಅದನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿ. ಫಾಂಟ್ ಯೂನಿಕೋಡ್‌ನದೇ ಇರಲಿ: ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ವಿಂಡೋಸ್‌ನಲ್ಲೇ ಬರುವ ನಿರ್ಮಲಾ ಯುಐ, ಯಾವುದಾದರೂ ಆದೀತು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದೇ ಆಯ್ಕೆ ಪ್ರಿಫರೆನ್ಸಸ್‌ನ ‘ಟೈಪ್’ ಎಂಬಲ್ಲಿದೆ.

‘ಪಕ್ಕದ ಸ್ಟುಡಿಯೊದಲ್ಲಿ ಏನೂ ಮಾಡದೆಯೇ ಸರಿಯಾಗಿ ಬರುತ್ತದಲ್ಲ’ ಎನ್ನುವವರಿದ್ದಾರೆ. ಅಲ್ಲಿ ಬಹುಶಃ ನುಡಿಯ ಹಳೆಯ ಫಾಂಟ್ ಇದೆ. ಅದರಲ್ಲಿ ಒತ್ತುಗಳೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತ ಚಿತ್ರಗಳು. ಕೂಡಿಸುವ ಕೆಲಸವೇ ಇಲ್ಲದ ಮೇಲೆ ಎಂಜಿನ್ ಯಾವುದಾದರೇನು? ಬರೀ ಟೈಟಲ್‌ಗೆ ಆ ದಾರಿಯೂ ನಡೆಯುತ್ತದೆ. ಆದರೆ ಅದೇ ಪಠ್ಯವನ್ನು ಸಬ್‌ಟೈಟಲ್ ಫೈಲಾಗಿ ಯೂಟ್ಯೂಬ್‌ಗೆ ಏರಿಸಿದರೆ ನೋಡುಗರಿಗೆ ಕಾಣುವುದು ಇಂಗ್ಲಿಷ್ ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಆನ್ಸಿಯಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಮತ್ತೆ ಸರಿಪಡಿಸಲೂ ಆಗದು.

ಇನ್ನೆರಡು ಮಾತು. ‘ರಿಸೆಪ್ಷನ್‌ಗೆ’ ಎಂಬುದು ‘ರಿಸೆಪ್ಷನ್ಗೆ’ ಎಂದಾದರೆ ಅಲ್ಲಿ ಇರಬೇಕಾದ ಅಗೋಚರ ವಿಭಜಕ ಚಿಹ್ನೆ ಟೈಪ್ ಆಗಿಲ್ಲ ಎಂದರ್ಥ. ಸರಿಯಾಗಿ ಮೂಡಿರುವ ಪದವನ್ನು ಫೋನಿನಿಂದಲೋ ಬೇರೆ ಕಡೆಯಿಂದಲೋ ಕಾಪಿ ಮಾಡಿ ಅಂಟಿಸುವುದೇ ಸುಲಭ. ಎರಡು ಸಾಲಿನ ಸಬ್‌ಟೈಟಲ್‌ನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷ್‌ಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಲೀಡಿಂಗ್ ಹೆಚ್ಚಿಸಿ.

ಪ್ರಶ್ನೆ: ತಾಳಮದ್ದಳೆಯನ್ನು ಫೋನಿನಲ್ಲಿ ಒಂದೂವರೆ ಗಂಟೆ ಚಿತ್ರೀಕರಿಸಿ, ಧ್ವನಿಯನ್ನು ಬೇರೆ ರೆಕಾರ್ಡರ್‌ನಲ್ಲಿ ಹಿಡಿದೆವು. ಶುರುವಿನಲ್ಲಿ ಹೊಂದಿಸಿದರೂ ಕೊನೆಗೆ ಬರುವಷ್ಟರಲ್ಲಿ ಅರ್ಥಧಾರಿಯ ತುಟಿಗೂ ಮಾತಿಗೂ ತಾಳವೇ ಇಲ್ಲ. — ಓದುಗರು, ಹೊನ್ನಾವರ

ಉತ್ತರ: ಮೊದಲು ಅಳೆಯಿರಿ. ಆರಂಭದಲ್ಲಿ, 45ನೇ ನಿಮಿಷದಲ್ಲಿ, ಕೊನೆಯಲ್ಲಿ, ಹೀಗೆ ಮೂರು ಕಡೆ ಎಷ್ಟು ಫ್ರೇಮ್ ಅಂತರವಿದೆ ಎಂದು ಬರೆದುಕೊಳ್ಳಿ. ಮೂರೂ ಕಡೆ ಒಂದೇ ಅಂತರವಿದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಮುಗಿಯಿತು. ಬೇರೆ ಬೇರೆ ಇದ್ದರೆ ಅಂತರ ಹೇಗೆ ಬೆಳೆಯುತ್ತಿದೆ ಎಂಬುದೇ ಕಾರಣವನ್ನು ಹೇಳುತ್ತದೆ.

ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ಅಡ್ಡಾದಿಡ್ಡಿಯಾಗಿದ್ದರೆ ಅದು ಫೋನಿನ ಕೆಲಸ. ಫೋನ್‌ಗಳು ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂದು ಕಟ್ಟುನಿಟ್ಟಾಗಿ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ 30ರ ಬದಲು 24ಕ್ಕೂ ಇಳಿಯಬಹುದು. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದು ನೋಡಿ. ಫ್ರೇಮ್ ರೇಟ್ ಮೋಡ್ ‘ವೇರಿಯೆಬಲ್’ ಎಂದಿದ್ದರೆ ಸಂಶಯ ಬೇಡ. ಹ್ಯಾಂಡ್‌ಬ್ರೇಕ್ ಎಂಬ ವೀಡಿಯೊ ಪರಿವರ್ತಕ ತಂತ್ರಾಂಶದಲ್ಲಿ ಫೈಲ್ ಹಾಕಿ, ವೀಡಿಯೊ ಟ್ಯಾಬ್‌ನಲ್ಲಿ ಫ್ರೇಮ್‌ರೇಟ್ 30, ಅದರ ಕೆಳಗೆ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’, ಗುಣಮಟ್ಟ ಆರ್‌ಎಫ್ 18 ಎಂದಿಟ್ಟು ಹೊಸ ಫೈಲ್ ಮಾಡಿ. ‘ಸೇಮ್ ಆ್ಯಸ್ ಸೋರ್ಸ್’ ಎಂದು ಬಿಡಬೇಡಿ. ಹಳೆಯ ಫೈಲನ್ನು ಟೈಮ್‌ಲೈನ್‌ನಿಂದ ತೆಗೆದು ಹೊಸದರಲ್ಲೇ ಎಡಿಟ್ ಶುರುಮಾಡಿ. ಅರ್ಧ ಕೆಲಸವಾದ ಮೇಲೆ ಬದಲಾಯಿಸಿದರೆ ಹಾಕಿದ ಕಟ್‌ಗಳೆಲ್ಲ ಜಾರುತ್ತವೆ.

ಅಂತರ ಸಮನಾಗಿ ಬೆಳೆದಿದ್ದರೆ, ಅಂದರೆ ಮಧ್ಯದಲ್ಲಿ ಅರ್ಧ ಸೆಕೆಂಡ್, ಕೊನೆಯಲ್ಲಿ ಒಂದು ಸೆಕೆಂಡ್ ಇದ್ದರೆ, ಎರಡು ಯಂತ್ರಗಳ ಗಡಿಯಾರದ ವ್ಯತ್ಯಾಸ. ರೆಕಾರ್ಡರ್‌ನ ಧ್ವನಿ ಹಿಂದೆ ಬೀಳುತ್ತಿದ್ದರೆ ಕ್ಲಿಪ್‌ನ ವೇಗ ಶೇ. 100.02 ಮಾಡಿ, ಮುಂದೆ ಓಡುತ್ತಿದ್ದರೆ 99.98. 90 ನಿಮಿಷಕ್ಕೆ ಇದು ಸುಮಾರು 1.08 ಸೆಕೆಂಡ್ ಸರಿಪಡಿಸುತ್ತದೆ. ಶ್ರುತಿಯ ವ್ಯತ್ಯಾಸ ಕಿವಿಗೆ ತಿಳಿಯದು. ಪ್ರೀಮಿಯರ್ ಇದಕ್ಕಿಂತ ಸೂಕ್ಷ್ಮವಾಗಿ ಹೋಗುವುದಿಲ್ಲ. ಉಳಿದ ಕೆಲವು ಫ್ರೇಮ್‌ಗಳಿಗೆ ಧ್ವನಿಯನ್ನು ಅಲ್ಲಲ್ಲಿ ಕತ್ತರಿಸಿ ಸರಿಸಿ. ಎಲ್ಲಿ ಕತ್ತರಿಸಬೇಕು? ಅರ್ಥ ಮುಗಿದು ಭಾಗವತರು ಪದ್ಯ ಎತ್ತಿಕೊಳ್ಳುವ ಮೊದಲಿನ ಬಿಡುವಿನಲ್ಲಿ. ಪದ್ಯದ ನಡುವೆ ಕೈಹಾಕಿದರೆ ಎರಡು ಫ್ರೇಮ್ ಜಿಗಿದರೂ ಮದ್ದಳೆಯ ಪೆಟ್ಟಿನಲ್ಲಿ ಸಿಕ್ಕಿಬೀಳುತ್ತದೆ.

ಕೊನೆಯ ಅಂತರ ಸರಿಯಾಗಿ 5.4 ಸೆಕೆಂಡ್ ಇದ್ದರೆ ಮಾತ್ರ ಬೇರೆ ಕಥೆ. ಎಲ್ಲೋ 29.97 ಫ್ರೇಮಿನ ಫೈಲನ್ನು 30 ಎಂದು ಓದಿಸಲಾಗಿದೆ. ಆ ಎರಡರ ನಡುವಿನ ವ್ಯತ್ಯಾಸ ಗಂಟೆಗೆ 3.6 ಸೆಕೆಂಡ್. ಕ್ಲಿಪ್ ಮೇಲೆ ಬಲ ಕ್ಲಿಕ್ ಮಾಡಿ ಮಾಡಿಫೈ, ಇಂಟರ್‌ಪ್ರೆಟ್ ಫುಟೇಜ್ ನೋಡಿ.

ಪ್ರಶ್ನೆ: ಐಫೋನ್‌ನಲ್ಲಿ ತೆಗೆದ ಕ್ಲಿಪ್ ಫೋನಿನಲ್ಲಿ ಚೆನ್ನಾಗಿದೆ, ಟೈಮ್‌ಲೈನ್‌ಗೆ ಹಾಕಿದ ಕೂಡಲೇ ಮುಖಗಳೆಲ್ಲ ಬೆಳ್ಳಗೆ ಸುಟ್ಟಂತಾಗುತ್ತವೆ. — ಓದುಗರು, ತರೀಕೆರೆ

ಉತ್ತರ: ಕ್ಲಿಪ್ ಎಚ್‌ಡಿಆರ್ (ಬೆಳಕಿನ ಹೆಚ್ಚಿನ ವ್ಯಾಪ್ತಿ ಹಿಡಿಯುವ ಬಗೆ), ನಿಮ್ಮ ಟೈಮ್‌ಲೈನ್ ಸಾಮಾನ್ಯ ಟಿವಿ ಬಣ್ಣಗಳ ಮಾನದಂಡವಾದ ರೆಕ್. 709. ಐಫೋನ್ 12ರಿಂದೀಚೆಗೆ ಇದು ದಿನನಿತ್ಯದ ದೂರು. ಈಚಿನ ಆವೃತ್ತಿಯಾದರೆ ಸೀಕ್ವೆನ್ಸ್ ಸೆಟಿಂಗ್ಸ್‌ನಲ್ಲಿ ‘ಆಟೊ ಟೋನ್ ಮ್ಯಾಪ್ ಮೀಡಿಯಾ’ ಗುರುತು ಹಾಕಿ. ಬಣ್ಣ ತಿದ್ದುವ ಲುಮೆಟ್ರಿಯಲ್ಲಿ ಒಂದೊಂದೇ ಕ್ಲಿಪ್‌ನ ಎಕ್ಸ್‌ಪೋಷರ್ ಇಳಿಸುತ್ತ ಕೂತರೆ ರಾತ್ರಿ ಕಳೆಯುತ್ತದೆ, ಬಣ್ಣ ಮಾತ್ರ ಒಂದಕ್ಕೊಂದು ಕೂಡುವುದಿಲ್ಲ. ಮುಂದಿನ ಸಲ ಫೋನಿನ ಸೆಟಿಂಗ್ಸ್, ಕ್ಯಾಮೆರಾ, ರೆಕಾರ್ಡ್ ವೀಡಿಯೊ ಎಂಬಲ್ಲಿ ಎಚ್‌ಡಿಆರ್ ಆಫ್ ಮಾಡಿಟ್ಟೇ ಚಿತ್ರೀಕರಿಸಿ.

ಪ್ರಶ್ನೆ: 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡ್ ಹಾಕಿಸಿದರೂ ಹೊಸ ಕ್ಯಾಮೆರಾದ 4ಕೆ, 10 ಬಿಟ್ 4:2:2 ವೀಡಿಯೊ ತಡವರಿಸುತ್ತದೆ. ಅಂಗಡಿಯವರು ರ್‍ಯಾಮ್ ಹೆಚ್ಚಿಸಿ ಎನ್ನುತ್ತಾರೆ. — ಓದುಗರು, ದಾವಣಗೆರೆ

ಉತ್ತರ: ರ್‍ಯಾಮ್‌ಗೆ ದುಡ್ಡು ಸುರಿಯಬೇಡಿ. ಎನ್‌ವಿಡಿಯಾದ 50ನೇ ಸರಣಿಗಿಂತ ಹಿಂದಿನ ಆರ್‌ಟಿಎಕ್ಸ್ ಕಾರ್ಡ್‌ಗಳಿಗೆ 4:2:2 (ಬಣ್ಣದ ವಿವರ ಹೆಚ್ಚು ಉಳಿಸುವ ಬಗೆ) ವೀಡಿಯೊ ಬಿಚ್ಚುವ ಸೌಲಭ್ಯವೇ ಇಲ್ಲ. ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಇಂಟೆಲ್‌ನ 11ನೇ ತಲೆಮಾರು ಅಥವಾ ಅನಂತರದ, ಹೆಸರಿನ ಕೊನೆಗೆ ‘ಎಫ್’ ಇಲ್ಲದ ಪ್ರೊಸೆಸರ್ ನಿಮ್ಮಲ್ಲಿದ್ದರೆ ಅದರೊಳಗಿನ ಗ್ರಾಫಿಕ್ಸ್ ಎಚ್.265 ಎಂಬ ಸಂಕೋಚನ ವಿಧಾನದ 4:2:2ನ್ನು ಬಿಚ್ಚಬಲ್ಲದು. ಬೇರೆ ಕಾರ್ಡ್ ಹಾಕಿದಾಗ ಬಯೋಸ್ (ಕಂಪ್ಯೂಟರ್ ಚಾಲೂ ಆಗುವಾಗಿನ ಮೂಲ ಸೆಟಿಂಗ್ಸ್) ಅದನ್ನು ಆಫ್ ಮಾಡಿರುತ್ತದೆ ಎಷ್ಟೋ ಸಲ. ಅಲ್ಲಿ ಹೋಗಿ ಮತ್ತೆ ಚಾಲೂ ಮಾಡಿ.

ಅದೂ ಇಲ್ಲದಿದ್ದರೆ ಪ್ರಾಕ್ಸಿ, ಅಂದರೆ ಎಡಿಟ್ ಮಾಡಲು ಮಾತ್ರ ಬಳಸುವ ಹಗುರ ನಕಲು. ಕ್ಲಿಪ್‌ಗಳನ್ನೆಲ್ಲ ಆರಿಸಿ, ಬಲ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸಿಸ್, ಪ್ರೊರೆಸ್ ಪ್ರಾಕ್ಸಿ. 1080 ಅಳತೆ, 25 ಫ್ರೇಮಿಗೆ ಗಂಟೆಗೆ ಸುಮಾರು 17 ಜಿಬಿ ಜಾಗ ಬೇಕು. ಪ್ರೋಗ್ರಾಂ ಮಾನಿಟರ್ ಕೆಳಗಿನ ‘ಟಾಗಲ್ ಪ್ರಾಕ್ಸಿಸ್’ ಗುಂಡಿ ನೀಲಿಯಾಗಿರಲಿ. ಎಕ್ಸ್‌ಪೋರ್ಟ್ ಆಗುವುದು ಮೂಲ ಫೈಲಿನಿಂದಲೇ, ಗುಣಮಟ್ಟದ ಚಿಂತೆ ಬೇಡ.

ಪ್ರಶ್ನೆ: ನಿನ್ನೆ ಸರಿಯಿದ್ದ ಪ್ರಾಜೆಕ್ಟ್ ಇಂದು ತೆರೆದರೆ ಎಲ್ಲ ಕ್ಲಿಪ್ ಕೆಂಪಗೆ, ‘ಮೀಡಿಯಾ ಆಫ್‌ಲೈನ್’. ಫೈಲ್‌ಗಳು ಹಾರ್ಡ್‌ಡಿಸ್ಕ್‌ನಲ್ಲೇ ಇವೆ. — ಓದುಗರು, ಗದಗ

ಉತ್ತರ: ಹಾರ್ಡ್‌ಡಿಸ್ಕ್ ನಿನ್ನೆ ‘ಇ’ ಡ್ರೈವ್ ಆಗಿತ್ತು, ಇಂದು ‘ಜಿ’ ಆಗಿದೆ, ಅಷ್ಟೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಅಕ್ಷರವನ್ನೇ ಕೊಟ್ಟು ಪ್ರಾಜೆಕ್ಟ್ ಮತ್ತೆ ತೆರೆಯಿರಿ. ಆ ಅಕ್ಷರ ಬೇರೆ ಡ್ರೈವ್‌ಗೆ ಹೋಗಿದ್ದರೆ ಲಿಂಕ್ ಮೀಡಿಯಾದಲ್ಲಿ ‘ರೀಲಿಂಕ್ ಅದರ್ಸ್ ಆಟೊಮ್ಯಾಟಿಕಲಿ’ ಗುರುತು ಹಾಕಿ ಒಂದು ಕ್ಲಿಪ್ ತೋರಿಸಿದರೆ ಉಳಿದವು ಹಿಂದೆಯೇ ಬರುತ್ತವೆ.

ಪ್ರಶ್ನೆ: ಎರಡು ಗಂಟೆಯ ಮದುವೆ ವೀಡಿಯೊ ಪೆನ್‌ಡ್ರೈವ್‌ಗೆ ಹೋಗುತ್ತಿಲ್ಲ. 32 ಜಿಬಿ ಖಾಲಿಯಿದ್ದರೂ ‘ಫೈಲ್ ದೊಡ್ಡದು’ ಎನ್ನುತ್ತದೆ. — ಓದುಗರು, ಸಿಂಧನೂರು

ಉತ್ತರ: ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದೆ, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದರೆ ಹೋಗುತ್ತದೆ, ಆದರೆ ಗಿರಾಕಿಯ ಮನೆಯ ಹಳೆಯ ಟಿವಿ ಅದನ್ನು ಓದದೇ ಇರಬಹುದು. ಪೆನ್‌ಡ್ರೈವ್ ಕೊಡುವವರು ಫ್ಯಾಟ್32ನಲ್ಲೇ ಉಳಿದು ವೀಡಿಯೊವನ್ನು ಭಾಗ ಮಾಡುವುದು ಲೇಸು. 10 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 10 ಮೆಗಾಬಿಟ್) 4 ಜಿಬಿಗೆ ಸುಮಾರು 57 ನಿಮಿಷ ಹಿಡಿಯುತ್ತದೆ. ಧ್ವನಿಯೂ ಸೇರಬೇಕಲ್ಲ, 50 ನಿಮಿಷಕ್ಕೊಂದು ಭಾಗ ಮಾಡಿ. ದೇವರ ಸಮಾರಾಧನೆ, ಮುಹೂರ್ತ, ಆರತಕ್ಷತೆ ಎಂದು ಪ್ರಸಂಗ ಮುಗಿದಲ್ಲಿ ಕತ್ತರಿಸಿದರೆ ಗಿರಾಕಿಗೆ ಹುಡುಕಲೂ ಸಲೀಸು; ಧಾರೆ ಎರೆಯುವ ನಡುವೆ ಮಾತ್ರ ಭಾಗ ಮುಗಿಯದಂತೆ ನೋಡಿಕೊಳ್ಳಿ.