ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿ

ಸರಿ-ತಪ್ಪು ಜನ ಹೇಗೆ ತೀರ್ಮಾನಿಸುತ್ತಾರೆ ಅಂತ ಮಂಡ್ಯದ ಹಳ್ಳಿಗಳಲ್ಲಿ ಸರ್ವೆ ಮಾಡಬೇಕು, ಕಾಲೇಜಿನಲ್ಲಿ ಕೊಟ್ಟ ಇಂಗ್ಲಿಷ್ ಫಾರಂ ಬಳಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಭಾಷೆ ಬದಲಾದರೆ ಉತ್ತರವೇ ಬದಲಾಗಬಹುದು.

2014ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಕೋಸ್ಟಾ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು. ಹಳಿ ಮೇಲಿರುವ ಐದು ಜನ ಉಳಿಯಬೇಕಾದರೆ, ಬರುತ್ತಿರುವ ಬಂಡಿ ತಡೆಯೋಕೆ ಸೇತುವೆ ಮೇಲಿನ ಒಬ್ಬ ದಪ್ಪ ಮನುಷ್ಯನನ್ನು ಕೆಳಗೆ ತಳ್ಳುತ್ತೀರಾ? ಮಾತೃಭಾಷೆಯಲ್ಲಿ ಓದಿದವರಲ್ಲಿ ಶೇ. 20 ಜನ ಹೂಂ ಅಂದರು, ಆಮೇಲೆ ಕಲಿತ ಭಾಷೆಯಲ್ಲಿ ಓದಿದವರಲ್ಲಿ ಶೇ. 33. ಸುಮ್ನೆ ಸ್ವಿಚ್ ಒತ್ತಿ ಬಂಡಿಯನ್ನು ಒಬ್ಬನೇ ಇರುವ ಬೇರೆ ಹಳಿಗೆ ತಿರುಗಿಸುವ ಪ್ರಶ್ನೆಯಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. ಕೈಯಾರೆ ಒಬ್ಬನನ್ನು ತಳ್ಳುವುದು ಅಂದಾಗ ಕರುಳು ಚುರುಕ್ ಅನ್ನುತ್ತದೆ ಅಲ್ವಾ, ಪರಭಾಷೆಯಲ್ಲಿ ಅದು ಕಮ್ಮಿ ಆಗುತ್ತದೆ ಅನ್ನೋದು ಅವರ ವಿವರಣೆ, ನನಗೂ ಅದು ಸರಿ ಅನ್ನಿಸುತ್ತದೆ.

ರೈಲು ಹಳಿ ಬದಲು ಕಬ್ಬು ತುಂಬಿದ ಟ್ರ್ಯಾಕ್ಟರ್ ಬ್ರೇಕ್ ಫೇಲ್ ಆಗಿ ಇಳಿಜಾರಿನಲ್ಲಿ ಬರುತ್ತಿದೆ ಅಂತಲೂ ಕೇಳಬಹುದು, ನಮ್ಮ ಜನಕ್ಕೆ ಕಣ್ಣಿಗೆ ಕಟ್ಟುತ್ತದೆ. ಆದರೆ ಆಗ ನಿಮ್ಮ ಅಂಕಿಗಳನ್ನು ಅವರ ಅಂಕಿಗಳ ಜೊತೆ ನೇರವಾಗಿ ಹೋಲಿಸಬೇಡಿ. ಮತ್ತೆ, ಓದಲು ಬಾರದವರಿಗೆ ನೀವೇ ಓದಿ ಹೇಳುವಾಗ ಎಲ್ಲರಿಗೂ ಅದೇ ಮಾತುಗಳಿರಲಿ. ನಡುವೆ ಒಂದು "ಅಯ್ಯೋ ಪಾಪ" ಅಂದರೂ ಉತ್ತರ ಆ ಕಡೆಗೆ ವಾಲಿಬಿಡಬಹುದು.