ಎರಡನೆಯ ಪಿಯಾನೊ ತಾಳ ತಪ್ಪಿದ್ದು ಯಾಕೆ?

ಇಳಕಲ್ಲಿನ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ನೀವು ಮೆಚ್ಚಿ ಬರೆದ ಅಮೆರಿಕದ ಸಂಗೀತ ರಚನೆಕಾರ ಸ್ಟೀವ್ ರೈಶ್ ಅವರ ಎರಡು ಪಿಯಾನೊಗಳ ಕೃತಿ ‘ಪಿಯಾನೊ ಫೇಸ್’ ಕೇಳಿದೆ. ಇಬ್ಬರೂ ಒಂದೇ ಸಾಲು ಬಾರಿಸುತ್ತಾರೆ, ಸ್ವಲ್ಪ ಹೊತ್ತಿಗೇ ಒಬ್ಬರ ತಾಳ ತಪ್ಪುತ್ತದೆ. ನಮ್ಮ ಭಜನಾ ಮೇಳದಲ್ಲಾದರೆ ಎಬ್ಬಿಸಿ ಕಳಿಸುತ್ತಿದ್ದೆವು. ರಾಗವಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ. ಇದರಲ್ಲಿ ಕೇಳುವುದೇನಿದೆ?”

ಆತ್ಮೀಯರೆ, ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ತಾಳ ತಪ್ಪಲಿ ಎಂದೇ ಬರೆದ ಕೃತಿ ಅದು.

ಪೇಟಿ (ಹಾರ್ಮೋನಿಯಂ) ಮುಂದಿಟ್ಟುಕೊಳ್ಳಿ, ಗಾಳಿ ಹಾಕಲು ಮನೆಯವರೊಬ್ಬರನ್ನು ಕೂರಿಸಿಕೊಳ್ಳಿ. ಏಳನೆಯ ಬಿಳಿ ಮನೆಯನ್ನು ಷಡ್ಜ (ಸ) ಮಾಡಿಕೊಂಡರೆ ಒಂದು ಕೈಗೆ ಮಂದ್ರದ (ಕೆಳಗಿನ ಸಪ್ತಕದ) ಮ, ಮಧ್ಯದ ಸ, ಕೋಮಲ ಗ. ಇನ್ನೊಂದು ಕೈಗೆ ಮಂದ್ರದ ಪ ಮತ್ತು ಮಧ್ಯದ ರೆ, ಎರಡೇ. ಕೈ ಬದಲಿಸುತ್ತ ಹೋಗಿ: ಮಪ ಸರೆ ಗಪ ಮರೆ ಸಪ ಗರೆ. 12 ಸ್ವರದ ಈ ಸಾಲೇ ಮೊದಲ ಭಾಗದ ಇಡೀ ಬಂಡವಾಳ. ಮೊದಲನೆಯವರು ಲಯ ಬಿಡದೆ ಅದನ್ನೇ ಹಿಡಿದಿರುತ್ತಾರೆ. ಎರಡನೆಯವರು ಕೂದಲೆಳೆಯಷ್ಟು ವೇಗ ಏರಿಸುತ್ತಾರೆ. ಆಗ ಒಂದಿಷ್ಟು ಹೊತ್ತು ಎಲ್ಲ ಕಲಸಿದಂತಾಗುತ್ತದೆ (ನಿಮಗೆ ಬೇಸರ ಬಂದದ್ದು ಇಲ್ಲೇ ಇರಬೇಕು). ಆಮೇಲೆ ಅವರು ಸರಿಯಾಗಿ ಒಂದು ಸ್ವರ ಮುಂದೆ ಹೋಗಿ ನೆಲೆ ನಿಲ್ಲುತ್ತಾರೆ, ಅದೇ ಸಾಲು ಬೇರೆಯೇ ಕೇಳಿಸುತ್ತದೆ. ಹೀಗೆ 12 ಸಲ ಜಾರಿ ಇಬ್ಬರೂ ಮತ್ತೆ ಒಂದಾಗುತ್ತಾರೆ. ಮುಂದೆ 8 ಸ್ವರದ ಸಾಲು, ಕಡೆಗೆ 4 ಸ್ವರದ್ದು.

ಗಾಯಕರು ತಬಲಾದಿಂದ ದೂರ ಸರಿದು ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬಂದು ಬಿದ್ದಾಗ ನಾವು ತಲೆದೂಗುತ್ತೇವೆ. ಆದರೆ ನಮ್ಮ ದುಗುನ್ (ಎರಡು ಪಟ್ಟು ವೇಗ), ತಿಗುನ್ (ಮೂರು ಪಟ್ಟು) ಎಲ್ಲ ಲೆಕ್ಕದ ಮೆಟ್ಟಿಲು. ಇಲ್ಲಿ ಮೆಟ್ಟಿಲಿಲ್ಲ, ಜಾರುವುದಷ್ಟೇ. ಪಿಯಾನೊದಲ್ಲಿ ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಒಪ್ಪಿದೆ. ರೈಶ್ ಆ ಜಾರನ್ನು ಲಯಕ್ಕೆ ತಂದರು. ನಾನಂತೂ ಇದನ್ನು ಲಯದ ಮೀಂಡ್ ಎಂದೇ ಕೇಳುತ್ತೇನೆ. ರಾಗ ಮಾತ್ರ ಇಲ್ಲ, ಹುಡುಕುವುದೂ ಬೇಡ.

ಇದು ಅವರಿಗೆ ಹೊಳೆದದ್ದು ಟೇಪ್ ರೆಕಾರ್ಡರಿನಿಂದ. 1965ರಲ್ಲಿ ಬೀದಿ ಪ್ರವಚನಕಾರರೊಬ್ಬರ ಮಾತಿನ ತುಣುಕನ್ನು ಎರಡು ಯಂತ್ರಗಳಲ್ಲಿ ಒಟ್ಟಿಗೆ ಹಾಕಿದಾಗ ಒಂದು ನಿಧಾನವಾಗಿ ಹಿಂದೆ ಬಿತ್ತು. ಅದನ್ನೇ 1967ರಲ್ಲಿ ಮನುಷ್ಯರ ಕೈಗೆ ಕೊಟ್ಟರು.

ನಿಮ್ಮ ಓಣಿಯಲ್ಲಿ ಇದು ದಿನವೂ ಕೇಳುವಂಥದ್ದೇ. ಗುಳೇದಗುಡ್ಡದ ನನ್ನ ಸೋದರಮಾವನ ಮನೆಯ ಪಡಸಾಲೆಯಲ್ಲಿ ಎರಡು ಖಣದ (ಕುಪ್ಪಸದ ಬಟ್ಟೆಯ) ಮಗ್ಗಗಳಿದ್ದವು. ಒಂದರಲ್ಲಿ ಮಾವ, ಇನ್ನೊಂದರಲ್ಲಿ ಅತ್ತಿ. ಲಾಳಿಗಳ ಸದ್ದು ಒಮ್ಮೆ ಕೂಡಿ ಒಂದೇ ಮಗ್ಗವಾಗುತ್ತಿತ್ತು. ನಾಲ್ಕು ಏಟಿಗೆ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿಕೊಂಡಾಗ ನಡುವೆ ಮೂರನೆಯದೊಂದು ಮಗ್ಗ ನಡೆದಂತೆ ಕೇಳುತ್ತಿತ್ತು. ಬೇಸಿಗೆ ರಜೆಯ ಮಧ್ಯಾಹ್ನ ಚಾಪೆಯ ಮೇಲೆ ಬಿದ್ದುಕೊಂಡು ಆ ಮೂರನೆಯದಕ್ಕೇ ಕಾಯುತ್ತಿದ್ದೆ.

ಈ ಪಿಯಾನೊಗಳ ನಡುವೆಯೂ ಅಂಥದ್ದು ಹುಟ್ಟುತ್ತದೆ. ಇಬ್ಬರಲ್ಲಿ ಯಾರೂ ಬಾರಿಸದ ಸಣ್ಣ ಸಣ್ಣ ಧಾಟಿಗಳು ತೇಲಿ ಬಂದು ಕರಗುತ್ತವೆ. ಇನ್ನೊಮ್ಮೆ ಕೇಳಿ, ಈ ಸಲ ಒಬ್ಬೊಬ್ಬರ ಬೆನ್ನು ಹತ್ತಬೇಡಿ. ಎಷ್ಟನೆಯ ಜಾರಿಗೆ ನಿಮಗೆ ಅದು ಕೇಳಿಸಿತೆಂದು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

– ಸಂಪಾದಕ