‘ನೀನಲ್ಲ ಡಕ್, ಉಳಿದವರು’

(ಸ್ಟೋಕ್-ಆನ್-ಟ್ರೆಂಟ್, ಜೂನ್ 2024)

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ನೀನು ನರ್ಸ್ ಆಗಿ ಬ್ರಿಟನ್ನಿಗೆ ಏಪ್ರಿಲ್‌ನಲ್ಲಿ ಬಂದೆ, ವಾರ್ಡಿನ ಕೆಲಸಕ್ಕೆ ಇನ್ನೂ ಕೈ ಕೂತಿಲ್ಲ, ಅಷ್ಟರಲ್ಲಿ ಚುನಾವಣೆ. ಟಿವಿ ಹಾಕಿದರೆ ವಲಸಿಗರದ್ದೇ ಮಾತು. ಬಸ್ಸಿನಲ್ಲಿ ಅಮ್ಮನ ಫೋನ್ ಬಂದರೂ ಕನ್ನಡದಲ್ಲಿ ಮಾತಾಡೋಕೆ ಬಾಯಿ ಬರಲ್ಲ, ‘ಇವರಿಗೆ ನಮ್ಮನ್ನ ಕಂಡರೆ ಅಷ್ಟೊಂದು ಆಗಲ್ವಾ ಅಕ್ಕ?’ ಅಂತ ಕೇಳಿದ್ದೀಯ. ಗಂಡ, ಮಗನನ್ನ ಆಗಸ್ಟ್‌ನಲ್ಲಿ ಕರೆಸಿಕೊಳ್ಳೋದಾ ಬೇಡವಾ ಅಂತಲೂ.

ನಾನಿರೋ ಊರು ಸ್ಟೋಕ್-ಆನ್-ಟ್ರೆಂಟ್. ನರ್ಸ್ ಆಗಿ ಬಂದಿದ್ದು 2003ರಲ್ಲಿ. 2016ರ ಜನಮತಗಣನೆಯಲ್ಲಿ ನೂರಕ್ಕೆ 69 ಮತ ಯುರೋಪಿಯನ್ ಒಕ್ಕೂಟ ಬಿಡೋಣ ಅನ್ನೋ ಕಡೆ ಬಿದ್ದು, ‘ಬ್ರೆಕ್ಸಿಟ್ ರಾಜಧಾನಿ’ ಅಂತ ಹೆಸರು ತಗೊಂಡ ಊರು ಇದು. ಅದಕ್ಕೂ ಮುಂಚೆ, 2008ರಲ್ಲಿ, ಬಿಳಿಯರಿಗಷ್ಟೇ ಸದಸ್ಯತ್ವ ಕೊಡ್ತಿದ್ದ ಬಿಎನ್‌ಪಿ (ಬ್ರಿಟಿಷ್ ನ್ಯಾಷನಲ್ ಪಾರ್ಟಿ) ಪಕ್ಷದ 9 ಜನ ಇಲ್ಲಿನ ನಗರಸಭೆಯಲ್ಲಿ ಕೂತಿದ್ದರು. ಆ ವರ್ಷ ರಾತ್ರಿ ಪಾಳಿ ಇದ್ದಾಗ ನಡೆದು ಹೋಗೋದು ಬಿಟ್ಟು ಟ್ಯಾಕ್ಸಿಗೆ ದುಡ್ಡು ಸುರೀತಿದ್ದೆ. 2011ರ ಹೊತ್ತಿಗೆ ಆ ಒಂಬತ್ತರಲ್ಲಿ ಒಬ್ಬರೂ ಉಳಿದಿರಲಿಲ್ಲ. ಹೆದರಿಕೆ ನನಗೆ ಗೊತ್ತಿಲ್ಲದ ವಿಷಯ ಅಂತ ನೀನು ಅಂದುಕೋಬಾರದು, ಅದಕ್ಕೆ ಹೇಳಿದೆ.

ನನ್ನ ವಾರ್ಡಿನಲ್ಲಿ ಒಬ್ಬರು ತಾತ ಇದ್ದರು. ಪಿಂಗಾಣಿ ಕಾರ್ಖಾನೆಯ ಭಟ್ಟಿ ಮುಂದೆ ಆಯಸ್ಸು ಕಳೆದವರು. ಡ್ರಿಪ್ ಬದಲಾಯಿಸ್ತಿದ್ದೆ, ‘ಬಂದವರನ್ನೆಲ್ಲ ಹಡಗು ಹತ್ತಿಸಬೇಕು’ ಅಂದರು. ಆಮೇಲೆ ನನ್ನ ಮುಖ ನೋಡಿ, ‘ನೀನಲ್ಲ ಡಕ್, ಉಳಿದವರು’ ಅಂದರು. ಡಕ್ ಅಂದರೆ ಬಾತುಕೋಳಿಯೇ, ಆದರೆ ಈ ಊರಲ್ಲಿ ಎಲ್ಲರೂ ಎಲ್ಲರನ್ನೂ ಹಾಗೇ ಕರೀತಾರೆ, ನಮ್ಮ ಕಡೆ ‘ಮರಿ’ ಅನ್ನಲ್ವಾ ಹಾಗೆ. ಈ ‘ನೀನಲ್ಲ’ ನನಗೆ ಎಷ್ಟೋ ವರ್ಷ ಮೈ ಉರಿಸಿದೆ. ನಾನಲ್ಲದಿದ್ದರೆ ಇನ್ಯಾರು, ಪಕ್ಕದ ವಾರ್ಡಿನ ಫಿಲಿಪ್ಪೀನ್ಸ್ ಹುಡುಗಿಯಾ? ಅವತ್ತು ಕೇಳೇಬಿಟ್ಟೆ. ಅವರಿಗೆ ಉತ್ತರ ಹೊಳೀಲಿಲ್ಲ, ಆದರೆ ಮಾತು ಹೊರಬಂತು: 2008ರಲ್ಲಿ ಬಾಗಿಲು ಹಾಕಿದ ಸ್ಪೋಡ್ ಪಿಂಗಾಣಿ ಕಾರ್ಖಾನೆ, ಅದಕ್ಕೂ ಮೊದಲೇ ಮುಚ್ಚಿದ ಕಲ್ಲಿದ್ದಲ ಗಣಿಗಳು, ಮಗಳಿಗೆ ಸಿಗದ ಕೌನ್ಸಿಲ್ ಮನೆ (ನಗರಸಭೆ ಬಾಡಿಗೆಗೆ ಕೊಡೋದು), ಮತ್ತೆ ‘ಆ ಲಂಡನ್ ಮನುಷ್ಯ’.

ಲಂಡನ್ ಮನುಷ್ಯ ಅಂದರೆ ಟ್ರಿಸ್ಟ್ರಮ್ ಹಂಟ್. ಇತಿಹಾಸಕಾರರು, 2010ರಲ್ಲಿ ಇಲ್ಲಿನ ಪಾರ್ಲಿಮೆಂಟ್ ಸೀಟಿಗೆ ಲೇಬರ್ ಪಕ್ಷ ಮೇಲಿನಿಂದ ಇಳಿಸಿದ ಅಭ್ಯರ್ಥಿ, ಗೆದ್ದರು. ಇಲ್ಲಿನ ಲೇಬರ್ ಕಾರ್ಯಕರ್ತರೊಬ್ಬರು ಸಿಟ್ಟಿಗೆದ್ದು ಪಕ್ಷೇತರರಾಗಿ ನಿಂತರು, ಏನೂ ಉಪಯೋಗ ಆಗಲಿಲ್ಲ. ಹಂಟ್ ಕೆಟ್ಟವರಲ್ಲ, ವೆಜ್‌ವುಡ್ ಪಿಂಗಾಣಿ ಸಂಗ್ರಹ ಹರಾಜಾಗದಂತೆ ಓಡಾಡಿದವರಲ್ಲಿ ಅವರೂ ಒಬ್ಬರು. ಆದರೆ 2017ರಲ್ಲಿ ಸೀಟು ಬಿಟ್ಟು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ನಿರ್ದೇಶಕರಾಗಿ ಹೊರಟುಹೋದರು. 2015ರಲ್ಲಿ ಇಡೀ ದೇಶದಲ್ಲೇ ಅತಿ ಕಡಿಮೆ ಮತದಾನ ಆಗಿದ್ದು ಅವರ ಕ್ಷೇತ್ರದಲ್ಲೇ. ತಾತನಂಥವರು ಮನೆ ಬಿಟ್ಟು ಏಳಲೇ ಇಲ್ಲ. ಮರುವರ್ಷ ಜನಮತಗಣನೆಗೆ ಮಾತ್ರ ಎದ್ದು ಬಂದರು.

ಈ ಸಿಟ್ಟಿನ ಹಿಂದಿನ ಇನ್ನೊಂದು ಕಥೆ ಉತ್ತರ ಇಂಗ್ಲೆಂಡಿನ ರಾಚ್‌ಡೇಲ್‌ನದು. 2010ರ ಚುನಾವಣೆಯಲ್ಲಿ ಲೇಬರ್ ಪಕ್ಷದ ಪ್ರಧಾನಿ ಗಾರ್ಡನ್ ಬ್ರೌನ್ ಅಲ್ಲಿ ಬೀದಿಯಲ್ಲಿ ಒಬ್ಬ ವಿಧವೆಯನ್ನ ಮಾತಾಡಿಸಿದರು. ಆಕೆ ಆಜನ್ಮ ಲೇಬರ್ ಬೆಂಬಲಿಗರು. ದೇಶದ ಸಾಲ, ಪೆನ್ಶನ್ ಬಗ್ಗೆ ಕೇಳ್ತಾ ಪೂರ್ವ ಯುರೋಪಿನವರ ಬಗ್ಗೆಯೂ ಒಂದು ಪ್ರಶ್ನೆ ಹಾಕಿದರು. ಬ್ರೌನ್ ನಕ್ಕು ಕೈಕುಲುಕಿ ಕಾರು ಹತ್ತಿ, ಅಂಗಿಯ ಮೈಕ್ ಮರೆತು, ಮತಾಂಧ ಹೆಂಗಸು ಅನ್ನೋ ಅರ್ಥದ ಮಾತಾಡಿದರು. ಇಡೀ ದೇಶ ಕೇಳಿಸಿಕೊಂಡಿತು. ಬಾಯಿ ತೆಗೆದರೆ ನಮಗೆ ಜನಾಂಗದ್ವೇಷಿ ಅಂತಾರೆ ಅನ್ನೋ ಕಿಚ್ಚು ಇವರಲ್ಲಿ ಎಷ್ಟಿದೆ ಅನ್ನೋದು ನನಗೆ ಅವತ್ತು ಅರ್ಥವಾಯ್ತು. ನಿಜವಾದ ಜನಾಂಗದ್ವೇಷಿಗಳು ಇಲ್ಲವಾ? ಇದ್ದಾರೆ. 2016ರ ಜೂನ್ ಕೊನೇ ವಾರ ಬಸ್ಸಿನಲ್ಲಿ ಒಬ್ಬ ನನಗೆ ‘ಇನ್ನೂ ಗಂಟುಮೂಟೆ ಕಟ್ಟಿಲ್ವಾ’ ಅಂದ. ಬಸ್ಸಲ್ಲಿದ್ದ ಒಬ್ಬರೂ ಉಸಿರೆತ್ತಲಿಲ್ಲ, ಅದು ಇವತ್ತಿಗೂ ಚುಚ್ಚುತ್ತೆ.

ಪ್ರಧಾನಿ ರಿಷಿ ಸುನಕ್ ಬಗ್ಗೆ ಕೇಳಿದ್ದೀಯ. ಅವರ ಹೆಂಡತಿ ಅಕ್ಷತಾ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ ಅಂತ ನಾನು ಜಂಬದಿಂದ ಹೇಳಿದರೆ, ವಾರ್ಡಿನಲ್ಲಿ ಬಂದ ಪ್ರಶ್ನೆ ‘ತೆರಿಗೆ ಕಟ್ತಾರಂತಾ?’ ವಿದೇಶದ ಆದಾಯಕ್ಕೆ ಇಲ್ಲಿ ತೆರಿಗೆ ಕಟ್ಟಬೇಕಿಲ್ಲದ ‘ನಾನ್-ಡಾಮ್’ ಸೌಲಭ್ಯ ಅಕ್ಷತಾ ಅವರಿಗಿತ್ತು, 2022ರಲ್ಲಿ ಗಲಾಟೆಯಾದ ಮೇಲೆ ಕಟ್ತೀನಿ ಅಂದರು. 2024ರ ಶ್ರೀಮಂತರ ಪಟ್ಟಿಯಲ್ಲಿ ಗಂಡ ಹೆಂಡತಿ ರಾಜ ಚಾರ್ಲ್ಸ್‌ಗಿಂತ ಮೇಲಿದ್ದರು. ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ಎರಡನೇ ಮಹಾಯುದ್ಧದ ಯೋಧರ 80ನೇ ವರ್ಷದ ಸ್ಮರಣೆ ಮುಗಿಯೋ ಮುಂಚೆಯೇ ಸುನಕ್ ಎದ್ದು ಬಂದಿದ್ದಕ್ಕೆ ನನ್ನ ಪೇಶೆಂಟುಗಳು ಬೈದ ಹಾಗೆ, ಅವರ ಬಣ್ಣಕ್ಕೆ ಯಾರೂ ಬೈದಿದ್ದು ನಾನು ಕೇಳಿಲ್ಲ.

ನಿನ್ನನ್ನ ಮುಟ್ಟೋದು ಆ ತಾತನ ಸಿಟ್ಟಲ್ಲ ಕಣಮ್ಮ, ಅದಕ್ಕೆ ಹೆದರಿದವರ ಕಾನೂನು. 2010ರಲ್ಲಿ ಕನ್ಸರ್ವೇಟಿವ್ ಪಕ್ಷದ ಕ್ಯಾಮರೂನ್ ನಿವ್ವಳ ವಲಸೆಯನ್ನ (ಬಂದವರಲ್ಲಿ ಬಿಟ್ಟುಹೋದವರನ್ನ ಕಳೆದ ಲೆಕ್ಕ) ಒಂದು ಲಕ್ಷದ ಒಳಗೆ ತರ್ತೀನಿ ಅಂದರು. 2019ರಲ್ಲಿ ಅದೇ ಪಕ್ಷ ಸಂಖ್ಯೆ ಇಳಿಸ್ತೀವಿ ಅಂತ ಬರೆದುಕೊಟ್ಟಿತು. 2024ರ ಮೇನಲ್ಲಿ ಬಂದ ಲೆಕ್ಕದಲ್ಲಿ 2023ರ ಅಂಕಿ 6,85,000 ಇತ್ತು. ಆಸ್ಪತ್ರೆಗೆ, ವೃದ್ಧಾಶ್ರಮಕ್ಕೆ ಜನ ಬೇಕು ಅಂತ ಕರೆಸಿದವರೂ ಇವರೇ, ಜಾಸ್ತಿ ಬಂದರು ಅಂತ ಬಾಯಿ ಬಡ್ಕೊಳ್ಳೋರೂ ಇವರೇ. 2024ರ ಮಾರ್ಚ್ 11ರಿಂದ ಕೇರ್ ವೀಸಾದಲ್ಲಿ (ವೃದ್ಧಾಶ್ರಮದಂಥ ಕಡೆ ಆರೈಕೆ ಕೆಲಸಕ್ಕೆ) ಬರೋರು ಗಂಡ, ಮಕ್ಕಳನ್ನ ಕರೆತರೋ ಹಾಗಿಲ್ಲ ಅಂತ ಮಾಡಿದರು. ಅದೇ ಏಪ್ರಿಲ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಕನಿಷ್ಠ ವಾರ್ಷಿಕ ಸಂಬಳ 26,200 ಪೌಂಡಿನಿಂದ 38,700ಕ್ಕೆ ಹಾರಿತು. ನರ್ಸ್‌ಗಳನ್ನ ಸದ್ಯಕ್ಕೆ ಬಿಟ್ಟಿದ್ದಾರೆ. ಆದ್ದರಿಂದ ಕರೆಸು. ಆಗಸ್ಟ್ ತನಕ ಕಾಯದೆ ಈ ವಾರವೇ ಅರ್ಜಿ ಹಾಕು. ಲೇಬರ್ ಗೆದ್ದರೆ ಎಲ್ಲ ಸಲೀಸು ಅಂದುಕೋಬೇಡ, ಅವರೂ ಸಂಖ್ಯೆ ಇಳಿಸ್ತೀವಿ ಅಂತಲೇ ಹೊರಟಿದ್ದಾರೆ.

ಇನ್ನೊಂದು ವಿಷಯ ನಿನಗೆ ಯಾರೂ ಹೇಳಿರಲ್ಲ. ನಿನಗೆ ಇಲ್ಲಿ ಮತ ಇದೆ. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ವೀಸಾದ ಮೇಲಿದ್ದರೂ ಪಾರ್ಲಿಮೆಂಟ್ ಚುನಾವಣೆಗೆ ಮತ ಹಾಕಬಹುದು. ನಾನು 2005ರಲ್ಲೇ ಹಾಕಿದೆ, ಇಪ್ಪತ್ತು ವರ್ಷದಿಂದ ಇಲ್ಲೇ ಇರೋ ನನ್ನ ಪೋಲೆಂಡಿನ ಗೆಳತಿಗೆ ಆ ಹಕ್ಕು ಇವತ್ತಿಗೂ ಇಲ್ಲ. ಜೂನ್ 18ರ ಮಧ್ಯರಾತ್ರಿಯೊಳಗೆ ಆನ್‌ಲೈನ್‌ನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸು, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿಟ್ಟುಕೋ. ಮತದಾನ 2024ರ ಜುಲೈ 4, ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10. ಗುರುತಿಗೆ ನಮ್ಮ ಪಾಸ್‌ಪೋರ್ಟೇ ಸಾಕು. ಬೆರಳಿಗೆ ಶಾಯಿ ಹಾಕಲ್ಲ, ದಾರಕ್ಕೆ ಕಟ್ಟಿದ ಪೆನ್ಸಿಲ್‌ನಲ್ಲಿ ಗುಣಿಸು ಗುರುತು ಹಾಕಬೇಕು ಅಷ್ಟೇ. ಅವತ್ತು ಬಸ್ಸಿನಲ್ಲಿ ಹೋಗ್ತಾ ಅಮ್ಮನಿಗೆ ಫೋನ್ ಮಾಡು.